ಸಂಜೆ ಐದರ ಬೀಗ

ನಮ್ಮ ಮನೆಯ ಮುಂಬಾಗಿಲಿಗೊಂದು ಹಿತ್ತಾಳೆಯ ಬೀಗವಿದೆ. ಅಂಗೈ ತುಂಬುವಷ್ಟು ದೊಡ್ಡದು. ಪ್ರತಿ ಶುಕ್ರವಾರ ದೇವರ ಸಾಮಾನು ತಿಕ್ಕಿ ಉಳಿದ ಹುಣಸೆಹಣ್ಣಿನಲ್ಲಿ ಅದನ್ನೂ ಒಂದು ಕೈ ತಿಕ್ಕಿಬಿಡುವುದರಿಂದ ಈ ವಯಸ್ಸಿನಲ್ಲೂ ಅದು ನನಗಿಂತ ಚೆನ್ನಾಗಿ ಹೊಳೆಯುತ್ತದೆ. ನಾನು ಯಾವ ಹೊತ್ತಿಗೆ ಹೊರಗೆ ಹೊರಟರೂ ಬಾಗಿಲಿಗೆ ಬೀಗ ಬೀಳುತ್ತದೆ, ಒಮ್ಮೆ ಎಳೆದು ನೋಡುತ್ತೇನೆ. ಮೆಟ್ಟಿಲಿಳಿದವಳು ಮತ್ತೆ ಹತ್ತಿ ಬಂದು ಇನ್ನೊಮ್ಮೆ ಎಳೆಯುವ ಚಾಳಿ ನನಗಿಲ್ಲ. ಆದರೆ ಸಂಜೆ ಐದರಿಂದ ಆರರವರೆಗೆ ಮಾತ್ರ ಈ ಬೀಗ ಬಾಗಿಲ ಪಕ್ಕದ ಮೊಳೆಯಲ್ಲಿ ಬಾಯಿ ತೆರೆದುಕೊಂಡು ತೂಗುತ್ತಿರುತ್ತದೆ. ಆ ಒಂದು ಗಂಟೆ ನಾನು ಎಲ್ಲಿಗೂ ಹೋಗುವುದಿಲ್ಲ. ಆರತಕ್ಷತೆಗೆ ಕರೆಯಲು ಬಂದವರಿಗೂ ಆರರ ಮೇಲೆ ಬರುತ್ತೇನೆಂದೇ ಹೇಳಿ ಕಳಿಸುವುದು. ನೆಂಟರು ಇದನ್ನು ಮುದುಕಿಯ ಹಟ ಎಂದುಕೊಂಡಿದ್ದಾರೆ. ನೀವು ಹಾಗೆಂದುಕೊಳ್ಳುವ ಮೊದಲು ಸ್ವಲ್ಪ ಕುಳಿತುಕೊಳ್ಳಿ, ಹೇಳುತ್ತೇನೆ.

ಜಯನಗರದಲ್ಲಿ ಅಪ್ಪ ಈ ಮನೆ ಕಟ್ಟಿಸಿದಾಗ ಐವತ್ತರ ದಶಕ ಅರ್ಧ ಕಳೆದಿತ್ತು. ಬಡಾವಣೆಯೆಂದರೆ ಆಗ ಕೆಂಪು ಮಣ್ಣಿನ ಮೇಲೆ ನೆಟ್ಟ ಸೈಟುಗಲ್ಲುಗಳು, ಅಲ್ಲೊಂದು ಇಲ್ಲೊಂದು ಮನೆ, ಮಿಕ್ಕಂತೆ ಗಾಳಿ. ನಮ್ಮ ಎಡಕ್ಕೆ ಖಾಲಿ ಸೈಟು, ಬಲಕ್ಕೆ ಖಾಲಿ ಸೈಟು. ಎದುರಿಗಿದ್ದ ಪಾಯದಿಂದ ಒಂದು ಮನೆ ವರ್ಷಕ್ಕೊಂದು ಅಡಿಯಂತೆ ಮೇಲೇಳುತ್ತಿತ್ತು. ಬಸವನಗುಡಿಯಲ್ಲಿ ಗೋಡೆಗೆ ಗೋಡೆ ಅಂಟಿದ ವಠಾರದಲ್ಲಿ ಬಾಳಿದ್ದ ಅಮ್ಮನಿಗೆ, ಸಾಸಿವೆ ಸಾಲ ಕೇಳಲೊಂದು ಕಿಟಕಿಯೂ ಇಲ್ಲದ ಈ ವಿಶಾಲತೆ ಬಹಳ ದಿನ ಒಗ್ಗಲಿಲ್ಲ. ಅಪ್ಪನಿಗೆ ಮಾತ್ರ ಅದು ಸರಿಹೋಯಿತು. ಅವರು ಒಂದು ಬಟ್ಟೆ ಗಿರಣಿಯಲ್ಲಿ ಟೈಂ ಕೀಪರ್. ಮೂವತ್ತು ವರ್ಷ ಗಿರಣಿಯ ಬಾಗಿಲಲ್ಲಿ ಕುಳಿತು, ಯಾರು ಎಷ್ಟು ನಿಮಿಷ ತಡವಾಗಿ ಬಂದರೆಂದು ಕೆಂಪು ಶಾಯಿಯಲ್ಲಿ ಬರೆದವರು. ಮನೆಯನ್ನೂ ಅವರು ಹಾಗೆಯೇ ನಡೆಸಿದರು. ನಾಲ್ಕೂವರೆಗೆ ಕಾಫಿ, ಮುಕ್ಕಾಲಿಗೆ ಅಮ್ಮ ಅಂಗಳಕ್ಕೆ ನೀರು ಚಿಮುಕಿಸಿ ನಾಲ್ಕೆಳೆ ರಂಗೋಲಿ ಹಾಕಬೇಕು, ಐದಕ್ಕೆ ಬಾಗಿಲಿಗೆ ಬೀಗ. ಮೂವರೂ ಲಾಲ್‌ಬಾಗಿಗೆ ನಡೆದು, ಕೆರೆಯ ಏರಿಯ ಮೇಲೊಂದು ಸುತ್ತು ಹಾಕಿ, ಆರಕ್ಕೆ ಬಂದು ದೀಪ ಹಚ್ಚುವುದು. ಜ್ವರ ಬಂದವರಿಗೆ ಮಾತ್ರ ವಿನಾಯಿತಿ, ಅದೂ ಥರ್ಮಾಮೀಟರು ಒಪ್ಪಿದರೆ.

ನಾನು ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ಭೂಗೋಳದ ಉಪಾಧ್ಯಾಯಿನಿಯಾಗಿದ್ದೆ. ಬೆಂಗಳೂರಿನಿಂದ ಮದರಾಸಿನವರೆಗೂ ಹೋಗದಿದ್ದ ನಾನು ದಿನವೂ ಕರಿಹಲಗೆಯ ಮೇಲೆ ಬೊಂಬಾಯಿಯಿಂದ ಏಡನ್ನಿಗೆ, ಏಡನ್ನಿನಿಂದ ಕೆಂಪು ಸಮುದ್ರಕ್ಕೆ ನೀಲಿ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದೆ. ಸೂಯೆಜ್ ಕಾಲುವೆಗೆ ಬಂದಾಗ ನನ್ನ ಕೈ ತಾನಾಗಿಯೇ ನಿಧಾನವಾಗುತ್ತಿತ್ತು. ಎರಡೂ ಕಡೆ ಮರಳುಗಾಡು, ನಡುವೆ ನೀರಿನ ಒಂದು ದಾರಿ. ದೂರದಿಂದ ನೋಡುವವರಿಗೆ ಹಡಗು ಮರಳಿನ ಮೇಲೆಯೇ ತೇಲಿದಂತೆ ಕಾಣುತ್ತದೆಂದು ಪುಸ್ತಕದಲ್ಲಿ ಓದಿದ್ದೆ, ಮಕ್ಕಳಿಗೂ ಹೇಳುತ್ತಿದ್ದೆ. ಒಮ್ಮೆ ಒಬ್ಬ ಹುಡುಗಿ ಎದ್ದು ನಿಂತು "ನೀವು ನೋಡಿದ್ದೀರಾ ಮಿಸ್?" ಎಂದಳು. ಇಲ್ಲ ಎಂದೆ. ತರಗತಿ ಮುಂದುವರಿಯಿತು, ಪಾಠ ನಿಗದಿತ ವೇಳೆಗೇ ಮುಗಿಯಿತು, ಆದರೆ ಆ 'ಇಲ್ಲ' ಅಂದು ಸಂಜೆ ಲಾಲ್‌ಬಾಗಿನವರೆಗೂ ನನ್ನ ಜೊತೆಗೇ ನಡೆದು ಬಂತು.

ಅರವತ್ತರ ದಶಕದ ಮೊದಲಲ್ಲಿ, ಇಂಗ್ಲೆಂಡಿನಲ್ಲಿ ಒಂದು ವರ್ಷದ ತರಬೇತಿಗೆ ನಾನು ಆಯ್ಕೆಯಾದೆ. ವಿದ್ಯಾರ್ಥಿವೇತನದ ಜೊತೆ ಹಡಗಿನ ಟಿಕೆಟ್ಟನ್ನೂ ತರಬೇತಿಯ ಸಂಸ್ಥೆಯವರೇ ಕೊಡುವವರು. ಬೇಕಾಗಿದ್ದದ್ದು ಒಂದೇ, ಪಾಸ್‌ಪೋರ್ಟು. ನಮ್ಮ ವಂಶದಲ್ಲಿ ಅದನ್ನು ಕಣ್ಣಿನಿಂದ ನೋಡಿದವರೂ ಇರಲಿಲ್ಲ. ಅಪ್ಪ ಒಂದು ದಿನ ರಜೆ ಹಾಕಿ ಅರ್ಜಿಯ ನಮೂನೆ ತಂದರು. ಗಾಂಧಿ ಬಜಾರಿನ ಸ್ಟುಡಿಯೋದಲ್ಲಿ ನಗಬಾರದೆಂದು ಹೇಳಿ ಫೋಟೋ ತೆಗೆಸಿದರು. ಪರದೇಶದಲ್ಲಿ ನಾನು ದಿಕ್ಕಿಲ್ಲದವಳಾದರೆ ವಾಪಸು ಕರೆಸುವ ಹೊಣೆ ತನ್ನದೆಂದು ರುಜು ಹಾಕಿ ಕೊಡುವ ಒಬ್ಬ ಅನುಕೂಲಸ್ಥರನ್ನೂ ಹುಡುಕಿದರು. ಒಂದು ಭಾನುವಾರ ನಮೂನೆಯನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತರು. ನನ್ನನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಬಡಗಿಯ ಟೇಪಿನಿಂದ ಎತ್ತರ ಅಳೆದರು.

"ಕಣ್ಣಿನ ಬಣ್ಣ ಏನಂತ ಬರೀಲೇ?"

"ಕಪ್ಪು ಅಂತ ಬರೀರಿ. ಅದಕ್ಕೇನು ಅಷ್ಟು ಯೋಚನೆ?" ಎಂದರು ಅಮ್ಮ ಒಳಗಿನಿಂದ.

ಅಪ್ಪನಿಗೆ ಅಂದಾಜು ಸಾಲದು. ಕನ್ನಡಕ ಒರೆಸಿ ಹಾಕಿಕೊಂಡು, ನನ್ನ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. ನನಗೆ ನೆನಪಿರುವಂತೆ ಅವರು ನನ್ನ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. "ಕಪ್ಪಲ್ಲ ಕಣೇ," ಎಂದರು ಮೆಲ್ಲಗೆ, "ಕಂದು. ಇವಳದ್ದು ನಮ್ಮಮ್ಮನ ಕಣ್ಣು." ಎಡಗಿವಿಯ ಕೆಳಗಿನ ಮಚ್ಚೆ ಗುರುತಿನ ಅಂಕಣಕ್ಕೆ ಹೋಯಿತು. ಯಾವ ಯಾವ ದೇಶಗಳಿಗೆ ಎಂಬಲ್ಲಿ ಅಪ್ಪ ಇಂಗ್ಲೆಂಡಿನ ಜೊತೆಗೆ ಹಡಗು ಮುಟ್ಟುವ ದೇಶಗಳನ್ನೆಲ್ಲ ಬರೆದರು. "ಇಳಿಯೋದಿಲ್ಲವಲ್ಲ ಅಪ್ಪ, ಬರೀ ನೋಡೋದು" ಎಂದೆ. "ನೋಡೋದಕ್ಕೂ ಅನುಮತಿ ಇರಲಿ" ಎಂದರು.

ಅರ್ಜಿ ಹೋಯಿತು. ಇನ್ನು ಪೊಲೀಸಿನವರು ಮನೆಗೆ ಬಂದು, ನಾನು ಇಲ್ಲಿಯೇ ಇರುವವಳು ಹೌದೋ ಅಲ್ಲವೋ ನೋಡಿ ವರದಿ ಕೊಡಬೇಕಿತ್ತು. ಅದಕ್ಕೂ ಅಪ್ಪನ ಲೆಕ್ಕಾಚಾರ ಸಿದ್ಧವಾಗಿತ್ತು. ಸರ್ಕಾರದ ಕೆಲಸ; ಸರ್ಕಾರದ ವೇಳೆ ಹತ್ತರಿಂದ ಐದು; ಆ ಹೊತ್ತಿನಲ್ಲಿ ಅಮ್ಮ ಮನೆಯಲ್ಲೇ ಇರುತ್ತಾರೆ. ಅಮ್ಮ ಮಧ್ಯಾಹ್ನದ ನಿದ್ದೆಯನ್ನೂ ಬಿಟ್ಟು ನಡುಮನೆಯಲ್ಲಿ ಕುಳಿತು ಅಕ್ಕಿ ಆರಿಸುತ್ತಾ ಕಾದರು. ಐದಾದ ಕೂಡಲೆ ಅಂದಿನ ಕಾಯುವಿಕೆ ಮುಗಿಯಿತೆಂದು ನಾವು ಬೀಗ ಹಾಕಿ ಹೊರಡುತ್ತಿದ್ದೆವು.

ಒಂದು ಸೋಮವಾರ ಹಿಂತಿರುಗಿದಾಗ ಅಂಗಳದ ಒದ್ದೆ ಮಣ್ಣಿನಲ್ಲಿ ಸೈಕಲ್ ಚಕ್ರದ ಗುರುತು ಕಾಣಿಸಿತು. ಗೇಟು ದಾಟಿ, ರಂಗೋಲಿಯ ಅಂಚನ್ನು ತುಳಿದು, ಮೆಟ್ಟಿಲಿನವರೆಗೂ ಬಂದು ತಿರುಗಿಕೊಂಡು ಹೋಗಿತ್ತು. "ಯಾರೋ ಸೈಕಲ್ ಕಲಿಯೋರು, ಬೇರೆ ಜಾಗ ಇಲ್ಲವೇನೋ ಇವಕ್ಕೆ" ಎಂದು ಅಪ್ಪ ಗೊಣಗಿದರು. ಬುಧವಾರ ಮತ್ತೆ ಅದೇ ಗುರುತು. ಅಪ್ಪನ ಶಿಸ್ತಿಗೆ ಇದನ್ನು ಸಹಿಸಲಾಗಲಿಲ್ಲ. ಶುಕ್ರವಾರ ಸಂಜೆ ಬೀಗ ಹಾಕುವ ಮುನ್ನ ಪಕ್ಕದ ಸೈಟಿನಿಂದ ಎರಡು ದಪ್ಪ ಕಲ್ಲುಗಳನ್ನು ಹೊತ್ತು ತಂದು ಗೇಟಿನ ಒಳಗೆ ಅಡ್ಡಲಾಗಿ ಇಟ್ಟರು. ಆವತ್ತು ನನಗೆ ತಿದ್ದಬೇಕಾದ ಪರೀಕ್ಷೆಯ ಪೇಪರುಗಳಿದ್ದವು, ಮನೆಯಲ್ಲೇ ಉಳಿಯುತ್ತೇನೆ ಎಂದೆ. "ಪೇಪರು ಆರರ ಮೇಲೆ ತಿದ್ದಬಹುದು. ಐದು ಅಂದರೆ ಐದು" ಎಂದರು. ಹೋದೆ. ಹಿಂತಿರುಗಿದಾಗ ಅಂಗಳದ ನೀರು, ರಂಗೋಲಿ ಎಲ್ಲ ಇಟ್ಟಲ್ಲೇ ಇದ್ದವು.

"ನೋಡಿದ್ಯಾ," ಎಂದರು ಅಪ್ಪ ತೃಪ್ತಿಯಿಂದ, "ಇವತ್ತು ಗುರುತೇ ಇಲ್ಲ."

ಆರು ವಾರ ಕಳೆಯಿತು. ಹಡಗು ಹೊರಡುವ ದಿನಕ್ಕೆ ಅಪ್ಪ ಕ್ಯಾಲೆಂಡರಿನಲ್ಲಿ ಹಾಕಿದ್ದ ಸುತ್ತು ಹತ್ತಿರವಾಗುತ್ತಾ ಬಂತು. ಮದರಾಸಿನ ಪಾಸ್‌ಪೋರ್ಟು ಕಚೇರಿಗೆ ವಿಚಾರಿಸಿ ಬರೆದ ಪತ್ರಕ್ಕೆ ಎರಡು ಸಾಲಿನ ಉತ್ತರ ಬಂತು: ಪೊಲೀಸ್ ವರದಿಯ ಪ್ರಕಾರ ಅರ್ಜಿದಾರಳು ಸದರಿ ವಿಳಾಸದಲ್ಲಿ ವಾಸವಿರುವುದು ಕಂಡುಬಂದಿಲ್ಲ. ಅಪ್ಪ ಅದನ್ನು ನಿಂತೇ ಓದಿದರು, ಕುಳಿತು ಇನ್ನೊಮ್ಮೆ ಓದಿದರು, ಕೋಟು ಹಾಕಿಕೊಂಡು ಸ್ಟೇಷನ್ನಿಗೆ ಹೋದರು. ಮರುದಿನ ಐದಕ್ಕೆ ಯಾರೂ ಹೊರಡಲಿಲ್ಲ; ಐದೂಕಾಲಿಗೆ ಸರಿಯಾಗಿ ಸೈಕಲ್ಲಿನ ಗಂಟೆ ಕೇಳಿತು. ನಲವತ್ತು ದಾಟಿದ, ಪಾಪದ ಮುಖದ ಒಬ್ಬ ಪೇದೆ. ಹೆಸರು ಮುನಿಯಪ್ಪ.

"ಮೂರು ಸಲ ಬಂದಿದ್ದೀನಿ ಸ್ವಾಮಿ. ಮೂರು ಸಲಾನೂ ಇದೇ ಬೀಗ" ಎಂದು, ಮೊಳೆಯಲ್ಲಿ ತೂಗುತ್ತಿದ್ದ ಬೀಗವನ್ನು ಹಳೆಯ ಪರಿಚಯಸ್ಥರನ್ನು ತೋರಿಸುವಂತೆ ತೋರಿಸಿದ.

"ಎಷ್ಟು ಹೊತ್ತಿಗೆ ಬಂದಿದ್ರಿ?"

"ಐದೂಕಾಲು. ಐದಕ್ಕೆ ಸ್ಟೇಷನ್ನಲ್ಲಿ ಹಾಜರಿ, ಅಲ್ಲಿಂದ ಸೀದಾ ನಿಮ್ಮ ಬೀದಿ. ಒಂದು ನಿಮಿಷ ಹಿಂದೆ ಮುಂದೆ ಆಗಲ್ಲ."

ಜೀವಮಾನವೆಲ್ಲ ತಡವಾಗಿ ಬಂದವರ ಮೇಲೆ ಕೆಂಪು ಶಾಯಿ ಎಳೆದಿದ್ದ ಅಪ್ಪನಿಗೆ ಈ ಮನುಷ್ಯನಲ್ಲಿ ತಪ್ಪು ಹುಡುಕಲು ಆಗಲಿಲ್ಲ.

"ಕೇಳೋಣ ಅಂದ್ರೆ ಅಕ್ಕಪಕ್ಕ ಯಾರಿದ್ದಾರೆ ಹೇಳಿ? ಈ ಕಡೆ ಸೈಟು, ಆ ಕಡೆ ಸೈಟು. ಎದುರುಗಡೆ ಗಾರೆಯವರು ಐದಕ್ಕೇ ಗಂಟು ಕಟ್ತಾರೆ. ಮೂರನೇ ದಿನ ಬಂದ್ರೆ ಗೇಟಿಗೆ ಎರಡು ಕಲ್ಲು ಬೇರೆ ಅಡ್ಡ ಇಟ್ಟಿದ್ರಿ. ಮನೆ ಖಾಲಿ ಮಾಡಿ, ದನ ನುಗ್ಗದಿರಲಿ ಅಂತ ಇಟ್ಟು ಹೋಗಿದ್ದಾರೆ ಅಂದ್ಕೊಂಡೆ."

ಅಮ್ಮನಿಗೆ ತಡೆಯಲಾಗಲಿಲ್ಲ. "ರಂಗೋಲಿ ಇರಲಿಲ್ವೇನಪ್ಪಾ? ರಂಗೋಲಿ ಹಾಕಿರೋ ಮನೇಲಿ ಜನ ಇರಲ್ವಾ?"

"ಇತ್ತಮ್ಮಾವ್ರೇ, ಚೆನ್ನಾಗೇ ಇತ್ತು," ಎಂದ ಮುನಿಯಪ್ಪ, ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಾ. "ರಂಗೋಲಿ ಇತ್ತು ಅಂತ ಬರೆಯೋಕೆ ರಿಪೋರ್ಟಲ್ಲಿ ಜಾಗ ಇಲ್ಲವಲ್ಲ."

ಅವನು ಕಾಫಿ ಕುಡಿದು, ನನ್ನ ಮುಖವನ್ನೂ ಫೋಟೋವನ್ನೂ ಎರಡೆರಡು ಸಲ ನೋಡಿ, ಹೊಸ ವರದಿ ಬರೆದುಕೊಂಡು ಹೋದ. ಆ ವರದಿ ಮೇಜಿನಿಂದ ಮೇಜಿಗೆ ನಡೆದು ಮದರಾಸು ಮುಟ್ಟಿ, ಅಲ್ಲಿಂದ ಕಡುನೀಲಿ ರಟ್ಟಿನ ಪುಸ್ತಕವಾಗಿ ರಿಜಿಸ್ಟರ್ಡ್ ಅಂಚೆಯಲ್ಲಿ ನಮ್ಮ ಮನೆಗೆ ಬಂದಾಗ ಹಡಗು ಬೊಂಬಾಯಿ ಬಿಟ್ಟು ಒಂಬತ್ತು ದಿನವಾಗಿತ್ತು. ವಿಮಾನವೆಂದರೆ ನಮ್ಮಂಥವರಿಗೆ ಆಗ ಮನೆಯ ಮೇಲೆ ಹಾದುಹೋಗುವ ಒಂದು ಸದ್ದು ಮಾತ್ರ. ತಡವಾಗಿ ಬರಬಹುದೇ ಎಂದು ಬರೆದುಕೊಂಡೆ. ನನ್ನ ಜಾಗಕ್ಕೆ ಪಟ್ಟಿಯಲ್ಲಿದ್ದ ಮುಂದಿನವರನ್ನು ತೆಗೆದುಕೊಂಡೆವೆಂದು ಬಹಳ ಸೌಜನ್ಯದ ಉತ್ತರ ಬಂತು. ಮರುವರ್ಷಕ್ಕೆ ನನ್ನ ವಯಸ್ಸು ಅವರ ಮಿತಿಯನ್ನು ದಾಟಿತ್ತು.

ಅಪ್ಪ ನನ್ನಲ್ಲಿ ಕ್ಷಮೆ ಕೇಳಲಿಲ್ಲ. ನಮ್ಮ ಮನೆಯಲ್ಲಿ ಅಂಥ ಮಾತುಗಳಿಗೆ ಅಭ್ಯಾಸವಿರಲಿಲ್ಲ, ಕೇಳಿದ್ದರೆ ಎಲ್ಲಿ ನೋಡುವುದೆಂದು ನನಗೂ ತಿಳಿಯುತ್ತಿರಲಿಲ್ಲ. ಪಾಸ್‌ಪೋರ್ಟು ಬಂದ ಮರುದಿನ, ಐದಕ್ಕೆ ಅಮ್ಮನೂ ನಾನೂ ಚಪ್ಪಲಿ ಮೆಟ್ಟಿ ನಿಂತಾಗ ಅವರು ಬೀಗವನ್ನು ಕೈಗೆತ್ತಿಕೊಂಡರು, ನೋಡಿದರು, ಮತ್ತೆ ಮೊಳೆಗೆ ತಗುಲಿಸಿದರು. "ನೀವಿಬ್ಬರೂ ಹೋಗ್ಬನ್ನಿ. ನಾನು ಮನೇಲಿರ್ತೀನಿ." ನಾವು ಆರಕ್ಕೆ ಬಂದಾಗ ಗೇಟಿನ ಬಳಿಯ ಎರಡು ಕಲ್ಲುಗಳು ಪಕ್ಕದ ಸೈಟಿಗೆ ಹಿಂತಿರುಗಿದ್ದವು, ಅಪ್ಪ ವರಾಂಡದ ಬೆತ್ತದ ಕುರ್ಚಿಯಲ್ಲಿ ಬೀದಿಯನ್ನೇ ನೋಡುತ್ತಾ ಕುಳಿತಿದ್ದರು. ಅಷ್ಟೊಂದು ಪ್ರೀತಿಸುತ್ತಿದ್ದ ಲಾಲ್‌ಬಾಗಿನ ಕೆರೆಯ ಏರಿಯನ್ನು ಅವರು ಮತ್ತೆ ನೋಡಲಿಲ್ಲ. ಆಮೇಲೆ ಬದುಕಿದ್ದ ಹದಿನಾಲ್ಕು ವರ್ಷವೂ, ಐದರಿಂದ ಆರು, ಆ ಕುರ್ಚಿ. ಯಾರ ಸೈಕಲ್ ಗಂಟೆ ಬಾರಿಸಿದರೂ ಅರ್ಧ ಏಳುತ್ತಿದ್ದರು.

ನನಗೆ ಅವರ ಮೇಲೆ ಕೋಪವಿತ್ತು, ಇರಲಿಲ್ಲವೆಂದರೆ ನೀವೂ ನಂಬಲಾರಿರಿ. ಆದರೆ ಕೋಪ ಕರಗಿದ ಮೇಲೂ ಒಂದು ಹಂಬಲ ಉಳಿಯಿತು, ಅದಕ್ಕೆ ಯಾವ ವೇಳಾಪಟ್ಟಿಯೂ ಅನ್ವಯಿಸಲಿಲ್ಲ. ಆ ಪುಸ್ತಕವನ್ನು ಆಗಾಗ ತೆಗೆದು ನೋಡುತ್ತಿದ್ದೆ. ಕಣ್ಣು: ಕಂದು. ಕೈಬರಹದಲ್ಲಿ ಒಂದರ ಕೆಳಗೊಂದು ದೇಶಗಳ ಹೆಸರು, ಆಮೇಲೆ ಹಾಳೆ ಹಾಳೆ ಬರೀ ಖಾಲಿ. ಕೆಲವು ವರ್ಷಗಳಲ್ಲಿ ಯುದ್ಧವಾಗಿ ಕಾಲುವೆಯೇ ಮುಚ್ಚಿತು. ಅದು ಮುಚ್ಚಿದ್ದಾಗಲೇ ನನ್ನ ಪಾಸ್‌ಪೋರ್ಟಿನ ಅವಧಿಯೂ ತೀರಿತು. ನಾನು ಮಾತ್ರ ಮಕ್ಕಳಿಗಾಗಿ ಹಲಗೆಯ ಮೇಲೆ ಅದೇ ಗೆರೆಯನ್ನು ಎಳೆಯುತ್ತಲೇ ಇದ್ದೆ.

ಈಗ ಬೆತ್ತದ ಕುರ್ಚಿ ನನ್ನದು. ಮೊದಮೊದಲು ಅಪ್ಪನಿಗಾಗಿ ಕುಳಿತೆ. ಆಮೇಲೆ ಅಭ್ಯಾಸವಾಯಿತು. ಈಚೀಚೆಗೆ ಮುನಿಯಪ್ಪನ ಆ ಮೊದಲ ವರದಿಯನ್ನು ನೆನೆಯುತ್ತೇನೆ. ಅವನು ಬರೆದದ್ದು ಸುಳ್ಳೆಂದು ನಾವೆಲ್ಲ ಎಷ್ಟು ಬಡಿದಾಡಿದೆವು! ಆದರೆ ಆ ತಿಂಗಳುಗಳಲ್ಲಿ ನಾನು ನಿಜವಾಗಿ ಈ ಮನೆಯಲ್ಲಿದ್ದೆನೇ? ಅಪ್ಪ ಅಮ್ಮನ ಜೊತೆ ಕೆರೆಯ ಏರಿಯ ಮೇಲೆ ನಡೆಯುವಾಗ, ನೀರಿನ ಆಚೆಯ ಒಣ ದಡವನ್ನು ಮರಳುಗಾಡೆಂದು ಭಾವಿಸಿಕೊಂಡು, ಹಡಗಿನ ಕಂಬಿ ಹಿಡಿದು ನಿಂತಿದ್ದವಳು ಯಾವ ವಿಳಾಸದವಳು? ಎದುರಿನ ಮನೆ ಈಗ ನಾಲ್ಕು ಅಂತಸ್ತು. ಅಕ್ಕಪಕ್ಕದಲ್ಲಿ ಸಾಕ್ಷಿ ಹೇಳಲು ಬೇಕಾದಷ್ಟು ಜನ. ಸಂಜೆ ಐದಕ್ಕೆ ಬೀಗವನ್ನು ಮೊಳೆಗೆ ತಗುಲಿಸಿ ಕೂರುತ್ತೇನೆ, ಕಣ್ಣೆದುರಿನ ಬೀದಿ ನಿಧಾನವಾಗಿ ನೀರಾಗುತ್ತದೆ. ಇಂದು ಯಾರಾದರೂ ಕಾಗದ ಹಿಡಿದು ಬಂದು, ಈ ಹೆಸರಿನವರು ಇಲ್ಲಿ ಇದ್ದಾರೆಯೇ ಎಂದು ಕೇಳಿದರೆ, ಬಾಗಿಲು ತೆರೆದೇ ಇದೆ, ಕಾಫಿಯೂ ಕೊಟ್ಟೇನು. ಆದರೆ ನಿಜ ಹೇಳಬೇಕೆಂದರೆ ಆರು ಹೊಡೆಯುವವರೆಗೆ ಸ್ವಲ್ಪ ಕಾಯಿರಿ ಎನ್ನಬೇಕಾಗುತ್ತದೆ. ಹಡಗು ಇನ್ನೂ ಕಾಲುವೆಯಲ್ಲಿದೆ.