ರೊಕ್ಕ ಕೊಟ್ಟು ಕೊಂಡ ಟಿಕೇಟು

ನಾಲ್ಕು ವರ್ಷದ ಮೊಮ್ಮಗಳನ್ನು ಹುಬ್ಬಳ್ಳಿಯಲ್ಲಿರುವ ಅವಳ ಅವ್ವನಿಗೆ ಒಪ್ಪಿಸಲು ಮಿಶ್ರಿಕೋಟಿಯಲ್ಲಿ ಬಸ್ಸು ಹತ್ತಿದೆ. ಹತ್ತಿದೆ ಎನ್ನುವುದಕ್ಕಿಂತ, ಅವಳನ್ನು ಬಗಲಲ್ಲಿ ಇರುಕಿಕೊಂಡು ನುಗ್ಗಿದೆ ಎನ್ನಬೇಕು. ಅವತ್ತೇ ಬೆಳಿಗ್ಗೆ ನಮ್ಮ ಆಡು ಎರಡು ಮರಿ ಹಾಕಿತ್ತು. ಅವನ್ನು ಬಿಟ್ಟು ಬರಲು ಹುಡುಗಿ ಸುತರಾಂ ಒಪ್ಪಿರಲಿಲ್ಲ.

"ಬಿಡ ನನ್ನ! ನೀ ನಮ್ಮ ಆಯಿ ಅಲ್ಲ!" ಎಂದು ಕಿರುಚಿದಳು.

ಬಸ್ಸಿನಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು. ಆ ವಾರ ಎಲ್ಲರ ಮೊಬೈಲಿನಲ್ಲೂ ಮಕ್ಕಳ ಕಳ್ಳರು ಬಂದಿದ್ದಾರೆಂಬ ಮೆಸೇಜು ಓಡಾಡುತ್ತಿತ್ತು. ಹಿಂದಿನ ಸೀಟಿನ ಅಜ್ಜ, "ಕೂಸು ಯಾರದವಾ?" ಎಂದ. "ನನ್ನ ಮಗಳ ಮಗಳ್ರೀ" ಎಂದರೆ, "ಹಂಗ ಹೇಳತಾರ ಅವರು" ಎನ್ನುತ್ತ ಒಬ್ಬಾಕೆ ಸೆರಗು ಸೊಂಟಕ್ಕೆ ಸಿಗಿಸಿ ಎದ್ದು ನಿಂತಳು. ಹೆಣ್ಣು ಕಂಡಕ್ಟರ್ ನನ್ನ ಆಧಾರ ಕಾರ್ಡು ಕೇಳಿದಳು. ಕೊಟ್ಟೆ. ಫೋಟೋ ನೋಡಿದ ಮೇಲೆ ಆಕೆಯ ಸಂಶಯ ಹೆಚ್ಚೇ ಆಯಿತು. ಆ ಫೋಟೋದಲ್ಲಿರುವ ಹೆಂಗಸಿನ ಕೈಗೆ ನಾನಾದರೂ ಕೂಸು ಕೊಡುವುದಿಲ್ಲ.

ಎಲ್ಲರಿಗಿಂತ ಜೋರಾಗಿ ನನ್ನ ವಿಚಾರಣೆ ನಡೆಸಿದವನು ಬಾಜು ನಿಂತಿದ್ದ ಇಸ್ತ್ರಿ ಅಂಗಿಯ ಗಂಡಸು. "ಕಾಲ ಕೆಟ್ಟೈತ್ರಿ. ನಮ್ಮ ಹೆಣ್ಣಮಕ್ಕಳನ್ನ ನಾವ ಕಾಯಬೇಕು" ಎಂದ. ಎಲ್ಲರೂ ಹೌದ್ರಿ ಎಂದರು. ಮೊಮ್ಮಗಳ ಕೈಗೆ ಬಿಸ್ಕೀಟನ್ನೂ ಕೊಟ್ಟ. ಅದನ್ನು ಕಡಿಯುತ್ತಲೇ ಆ ಮಹಾರಾಯಿತಿ, "ಆಯಿ, ನೀರು" ಎಂದಳು. ನಾನು ಖುಲಾಸೆಯಾದೆ. ತಪ್ಪಾಯಿತು ಎಂದವರು ಒಬ್ಬರೂ ಇಲ್ಲ. ಎಲ್ಲರಿಗೂ ಏಕಾಏಕಿ ಕಿಟಕಿಯಾಚೆಯ ಹೊಲಗಳ ಮೇಲೆ ಪ್ರೀತಿ ಬಂತು.

ನನಗೆ ಸಿಟ್ಟು ನೆತ್ತಿಗೇರಿತ್ತು. ಆ ಅಂಗಿಯವನಲ್ಲಿ ಏನಾದರೂ ತಪ್ಪು ಹುಡುಕಲೇಬೇಕಿತ್ತು, ಸಿಕ್ಕಿತು. ಅವನು ರೊಕ್ಕ ಕೊಟ್ಟು ಎರಡು ಟಿಕೇಟು ತೆಗೆಸಿದ್ದ. ಒಂದು ತನಗೆ, ಇನ್ನೊಂದು ನನ್ನ ಪಕ್ಕದಲ್ಲಿ ಕಿಟಕಿಗೆ ಒರಗಿ ಕೂತಿದ್ದ ಹದಿಮೂರರ ಆಸುಪಾಸಿನ ಹುಡುಗಿಗೆ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದಾಗಿನಿಂದ ನಮ್ಮ ಕಡೆಯವರು ಆಧಾರ ಕಾರ್ಡಿಲ್ಲದೆ ಹಿತ್ತಲಿಗೂ ಹೋಗುವುದಿಲ್ಲ. ಇವನ್ಯಾವ ಧಾರಾಳಿ?

"ಹುಡುಗಿಗೆ ಕಾರ್ಡ ಇಲ್ಲೇನ್ರಿ?" ಎಂದೆ.

"ನಮ್ಮಣ್ಣನ ಮಗಳ್ರೀ. ಮನ್ಯಾಗ ಮರತ ಬಂದಾಳ."

"ನನ್ನ ಕೇಳಿದಂಗ ಇವರನ್ನೂ ಕೇಳಬೇ!" ಎಂದು ಕಂಡಕ್ಟರ್ ಜೊತೆ ಜಗಳಕ್ಕೆ ನಿಂತೆ. ದೇವರಾಣೆ, ನನ್ನ ಮನಸ್ಸಿನಲ್ಲಿ ಸೇಡು ಬಿಟ್ಟರೆ ಬೇರೇನೂ ಇರಲಿಲ್ಲ.

ಅವಳು ಬೇಸರದಿಂದಲೇ ಹುಡುಗಿಯತ್ತ ಬಾಗಿ, "ನಿಮ್ಮ ಕಾಕಾನ ಹೆಸರೇನವಾ?" ಎಂದಳು.

ಹುಡುಗಿ ಹೆಸರಿಗಾಗಿ ಅವನ ಮುಖ ನೋಡಿದಳು.

ಕಾಕಾನಿಗೆ ಮುಂದಿನ ಸ್ಟಾಪಿನಲ್ಲೇ ಇಳಿಯುವ ಅವಸರ ಹತ್ತಿತು. ಹಿಂದಿನ ಸೀಟಿನ ಅಜ್ಜ ಬಾಗಿಲಿಗೆ ಬಡಿಗೆ ಅಡ್ಡ ಹಿಡಿದು, "ಎಲ್ಲಿ ಹೊಂಟ್ರಿ? ಹುಬ್ಬಳ್ಳಿ ತನಕ ರೊಕ್ಕ ಕೊಟ್ಟೀರಿ, ಕುಂದರ್ರಿ" ಎಂದ. ಡ್ರೈವರ್ ಬಸ್ಸನ್ನು ಸೀದಾ ಪೊಲೀಸ್ ಠಾಣೆಗೆ ತಂದು ನಿಲ್ಲಿಸಿದ.

ಹೊಲಿಗೆ ಕಲಿಸಿ ಪಗಾರ ಕೊಡಿಸುತ್ತೇನೆಂದು ಮನೆಯವರನ್ನು ನಂಬಿಸಿ ಅವಳನ್ನು ಕರೆತಂದಿದ್ದನಂತೆ. ಎರಡೇ ದಿನದ ಪರಿಚಯ. ದೂರದ ಶಹರಕ್ಕೆ ಹೋಗುವ ರೈಲಿನ ಟಿಕೇಟು ಅವನ ಕಿಸೆಯಲ್ಲಿತ್ತು. ಅಲ್ಲಿ ಹೊಲಿಗೆ ಕಲಿಸುವವರು ಯಾರೂ ಇರಲಿಲ್ಲ.

ಮಹಿಳಾ ಪೊಲೀಸು ಹುಡುಗಿಗೆ ಚಾ ಕೊಟ್ಟು, "ಅಂಜಿಕಿ ಬಂದಿತ್ತಂತಿ. ಬಸ್ಸಿನ್ಯಾಗ ಅಷ್ಟ ಮಂದಿ ಇದ್ರು, ಯಾರಿಗರೆ ಹೇಳಬಾರದಾಗಿತ್ತೇನವಾ?" ಎಂದು ಮೆತ್ತಗೆ ಕೇಳಿದಳು.

"ಕಂಡಕ್ಟರ್ ಅಕ್ಕಾರು ಕೇಳೋತನಕ ಯಾರೂ ನನ್ನ ಮಾತಾಡಿಸಲೇ ಇಲ್ರೀ" ಎಂದಳು ಹುಡುಗಿ.

ಅರ್ಧ ತಾಸು ಅವಳ ಮಗ್ಗುಲಲ್ಲೇ ಕೂತಿದ್ದವಳು ನಾನು. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ.