ಕಾಕುಗೆ ನಾನು ಬರೆದುಕೊಟ್ಟ ಮುಚ್ಚಳಿಕೆ

ಸೆಕ್ಟರ್ ಫೈವ್‌ನ ಐಟಿ ಕಂಪನಿಯೊಂದರಲ್ಲಿ ನನಗೆ ಕೆಲಸ ಸಿಕ್ಕ ಹೊಸತರಲ್ಲಿ, ಜಾದವ್‌ಪುರದ ನಮ್ಮ ಮೇಲಿನ ಮನೆಯಲ್ಲಿ ಧಾರವಾಡದ ಹಿರಿಯ ಹೆಂಗಸೊಬ್ಬರು ಇದ್ದರು, ನನಗೆ ಕಾಕು. ಬಟ್ಟೆ ಚೀಲಗಳ ಮೇಲೆ ಕಸೂತಿ ಹಾಕುತ್ತಿದ್ದರು. ಅವನ್ನು ಇಂಟರ್ನೆಟ್‌ನಲ್ಲಿ ಮಾರುವ ಹುಕಿ ನನ್ನದು. ಖಾತೆ ತೆರೆದದ್ದು ಅವರ ಹೆಸರಿನಲ್ಲಿ. ಪರದೆಯ ಮೇಲಿನ ಆ ಹೆಸರನ್ನು ಅವರು ನನ್ನಿಂದ ಮೂರು ಸಲ ಓದಿಸಿದರು. ಜನ್ಮವೆಲ್ಲ ಒಬ್ಬರ ಹೆಂಡತಿ, ಒಬ್ಬರ ತಾಯಿ ಎನಿಸಿಕೊಂಡವರಿಗೆ ಸ್ವಂತದ್ದೆಂದು ಇದ್ದದ್ದು ಅದೊಂದೇ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಕಸೂತಿಯವರದೊಂದು ಅಭ್ಯಾಸ. ಯಾರ ಸೆರಗಿನಲ್ಲಾದರೂ ಒಳ್ಳೆಯ ಚಿತ್ತಾರ ಕಂಡರೆ ಎಳೆ ಎಣಿಸಿಕೊಂಡು ಬಂದು ತಮ್ಮ ಬಟ್ಟೆಗೆ ಇಳಿಸುತ್ತಾರೆ. ಸೆರಗಿನವಳು ಅದಕ್ಕೆ ಬೀಗುತ್ತಾಳೆ. ನನ್ನ ಆಫೀಸಿನ ಬ್ಯಾಗಿನ ಮೇಲೆ ನಮ್ಮ ಕಂಪನಿಗೆ ಕೆಲಸ ಕೊಡುತ್ತಿದ್ದ ವಿದೇಶಿ ಕಂಪನಿಯ ಗುರುತಿತ್ತು, ಒಂದು ಹೂವು. ಕಾಕು ಅದನ್ನು ಹತ್ತು ಚೀಲಗಳಿಗೆ ಇಳಿಸಿಬಿಟ್ಟರು. ಅದು ಟ್ರೇಡ್‌ಮಾರ್ಕ್ ಎಂದು ನಾನು ಹೇಳಬೇಕಿತ್ತು. ಯಾರು ನೋಡುತ್ತಾರೆ ಬಿಡು ಎಂದು ಫೋಟೊ ಹಾಕಿದೆ.

ನೋಡಿದರು. ಗುರುತು ತೆಗೆಯಿರಿ, ಇನ್ನು ಬಳಸುವುದಿಲ್ಲವೆಂದು ಬರೆದುಕೊಡಿ ಎಂದು ಕಾಕುವಿನ ಹೆಸರಿಗೆ ವಕೀಲರ ಪತ್ರ ಬಂತು. ಇಂಗ್ಲಿಷ್ ಪತ್ರ, ಓದಿ ಹೇಳಲು ನಾನೇ ಆಗಬೇಕು. ನಾನು ಹೆದರಿದ್ದು ಅವರಿಗಾಗಿ ಅಲ್ಲ. ಇದರ ಹಿಂದೆ ನಾನಿದ್ದೇನೆಂದು ಆಫೀಸಿನಲ್ಲಿ ತಿಳಿದರೆ ನನ್ನ ಗತಿ?

"ಕಳ್ಳತನ ಮಾಡಿದ್ದೀರ ಅಂತ ಬರೆದಿದ್ದಾರೆ, ಕಾಕು" ಎಂದೆ. ಪತ್ರದಲ್ಲಿ ಆ ಮಾತೇ ಇರಲಿಲ್ಲ.

"ಅಯ್ಯ, ಹೂ ಛಲೋ ಅದ ಅಂತ ಹಾಕೀನವ್ವಾ. ಎಳಿ ಬಿಚ್ಚಿ ಬ್ಯಾರೇದು ಹಾಕ್ತೀನಿ ತಗೋ."

ಬಿಚ್ಚಿದ್ದರೆ ಸಾಕಿತ್ತು. ನಾನು ಕತ್ತರಿ ಕೊಟ್ಟು, ಹತ್ತೂ ಚೀಲಗಳನ್ನು ಅವರ ಕೈಯಿಂದಲೇ ಚೂರು ಮಾಡಿಸಿದೆ. ಮುಚ್ಚಳಿಕೆಗೆ ಒಂದು ಸಾಲು ಸಾಕಾಗಿತ್ತು. ಇನ್ನು ಮುಂದೆ ಕೈಕೆಲಸದ ಯಾವ ವಸ್ತುವನ್ನೂ ಮಾರುವುದಿಲ್ಲ ಎಂದು ಎರಡನೆಯದನ್ನು ನಾನೇ ಸೇರಿಸಿದೆ. ಪೀಡೆ ತೊಲಗಲಿ ಎಂದಷ್ಟೇ ಇತ್ತು ಮನಸ್ಸಿನಲ್ಲಿ. ಅಟ್ಟ ಹತ್ತಿಸಿದವಳೂ ನಾನೇ, ಏಣಿ ತೆಗೆದವಳೂ ನಾನೇ. ಕಾನೂನೇ ಹಾಗೆಂದು ನಂಬಿ ಕಾಕು ಕನ್ನಡದಲ್ಲಿ ದುಂಡಗೆ ಸಹಿ ಹಾಕಿದರು.

ನಾನು ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಕರೆದರು. ಅವರ ಮಗಳು ಬಸುರಿ.

"ಸೀಮಂತದ ಸೀರಿಗೆ ಕಸೂತೀಲೆ ಒಂದು ಗೋಪುರ ಹಾಕಬೇಕಂತ ಮಾಡೀನಿ. ಮಾರೂದಿಲ್ಲವ್ವಾ, ಮನಿಗಷ್ಟ. ಹಾಕಬಹುದೇನು? ಕೇಳಿ ಹೇಳ್ತೀಯಾ?"

"ಕೇಳಿ ಹೇಳ್ತೀನಿ, ಅಲ್ಲೀವರೆಗೆ ಹಾಕಬೇಡಿ" ಎಂದೆ.

ಆ ಸಾಲು ನನ್ನದೇ, ಕೇಳುವುದಕ್ಕೆ ಯಾರೂ ಇರಲಿಲ್ಲ; ಆ ಮಾತನ್ನು ನಾನು ಮತ್ತೆ ಎತ್ತಲೂ ಇಲ್ಲ. ಮಗಳ ಸೀಮಂತಕ್ಕೆ ಕಾಕು ಗರಿಯಾಹಾಟ್ ಬಜಾರಿನಿಂದ ಮೆಷಿನ್ ಕಸೂತಿಯ ಸೀರೆ ತಂದು ಉಡಿಸಿದರು. ನಾನೂ ಹೋಗಿ ಆರತಿ ಮಾಡಿ, ಹೋಳಿಗೆ ಉಂಡು ಬಂದೆ.