ಆಡಿನ ಮರಿಯ ಕೌದಿ

ಮೊನ್ನೆ ಟ್ರಂಕು ತೆಗೆದ ಕೂಡಲೇ ಒಣಮೆಣಸಿನಕಾಯಿಯ ವಾಸನೆ ಮೂಗಿಗೆ ಬಡಿಯಿತು. ಹುಳ ಹತ್ತದಿರಲಿ ಎಂದು ಅರಿವೆಗಳ ನಡುವೆ ನಾನೇ ಇಟ್ಟಿದ್ದೆ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ ಅನ್ನುತ್ತಾರೆ, ಸೀನಿಗೇನೂ ಕಡಿಮೆಯಿಲ್ಲ! ಕಾಲೇಜಿಗೆ ಹೋಗುವ ಮಗಳು ಸ್ಕೂಟಿಯಿಂದ ಬಿದ್ದು ಕಾಲು ಮುರಿದುಕೊಂಡು ಮನೆಯಲ್ಲಿ ಕೂತಿದ್ದಾಳೆ. ಅವಳ ಪ್ಲಾಸ್ಟರಿನ ಕೆಳಗಿಡಲು ಮೆತ್ತಗಿನದು ಏನಾದರೂ ಬೇಕಿತ್ತು. ಕೈಗೆ ಸಿಕ್ಕಿದ್ದು ಆ ಪುಟ್ಟ ಕೌದಿ... ಸೀನುತ್ತಲೇ ಚಾಚಿಯನ್ನು ನೆನೆದೆ.

ಚಾಚಿ ಬ್ಯಾಡಗಿಯಲ್ಲಿ ನನ್ನ ತವರುಮನೆಯ ಪಕ್ಕದವರು. ಗಂಡ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಹಮಾಲಿ. ಮಕ್ಕಳಿರಲಿಲ್ಲ, ಒಂದು ಆಡು ಇತ್ತು. ಅದರ ಜೊತೆಗೂ ಇಡೀ ದಿನ ಮಾತಾಡುತ್ತಿದ್ದರು.

ನಾನು ಆಗ ಬಸುರಿ, ತವರಿಗೆ ಬಂದಿದ್ದೆ. ಅದಕ್ಕೂ ಮೊದಲಿನ ಎರಡು ಬಸಿರು ಉಳಿದಿರಲಿಲ್ಲ. ಹೆರಿಗೆಯಾಗುವ ತನಕ ಮಂಚ ಬಿಟ್ಟು ಇಳಿಯಬಾರದು ಎಂದು ರಾಣೆಬೆನ್ನೂರಿನ ಡಾಕ್ಟರಮ್ಮ ಖಡಾಖಂಡಿತ ಹೇಳಿ ಕಳಿಸಿದ್ದರು. ಮಲಗಿ ಮಲಗಿ ಜಂತಿ ನೋಡುವುದೊಂದೇ ಕೆಲಸ. ಮಾತಾಡಿಸಲು ಬಂದವರ ಮೇಲೆಲ್ಲ ಹರಿಹಾಯುತ್ತಿದ್ದೆ. ಹೊಟ್ಟೆಯೊಳಗೆ ಕೂಸು ಸ್ವಲ್ಪ ಹೊತ್ತು ಮಿಸುಕಾಡದಿದ್ದರೆ ಅವ್ವನನ್ನು ಕೂಗಿ ಕರೆಯುತ್ತಿದ್ದೆ. ಈ ಸಲವೂ ಹೋದರೆ ನಾನು ಬದುಕುವುದಿಲ್ಲ ಅಂತಲೇ ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಚಾಚಿ ಹಳೆ ಬಟ್ಟೆಯ ಗಂಟು ತಂದು ಮಂಚದ ಮೇಲೆ ಸುರುವಿದರು. "ಕೈ ಖಾಲಿ ಇದ್ರ ತಲಿ ಕೆಡತೈತಿ ಬೇಟಿ. ತಗೋ, ಸಣ್ಣದೊಂದು ಕೌದಿ ಹೊಲಿ."

ಅವ್ವ ಅಡುಗೆಮನೆಯಿಂದ ಗಾಬರಿಯಾಗಿ ಓಡಿ ಬಂದಳು. ಕೂಸು ಹುಟ್ಟುವ ಮೊದಲು ಅದಕ್ಕೆಂದು ನಮ್ಮಲ್ಲಿ ಒಂದು ಕುಲಾವಿಯನ್ನೂ ಹೊಲಿಯುವುದಿಲ್ಲ, ಕೆಟ್ಟದ್ದಾಗುತ್ತದೆ ಎಂಬ ಅಂಜಿಕೆ.

"ಕೂಸಿಗಂತ ಯಾರು ಅಂದ್ರು?" ಚಾಚಿ ಕಣ್ಣು ಬಿಟ್ಟರು. "ನಮ್ಮ ಆಡು ಈಯತೈತಿ. ಅದರ ಮರಿಗೆ."

"ನಾ ಏನ್ ನಿಮ್ಮ ಆಡಿನ ದರ್ಜಿ ಏನ್ರಿ ಚಾಚಿ?" ಸಿಟ್ಟು ಬಂದಿತ್ತು ನನಗೆ.

"ಥಂಡಿ ಭಾಳ ಐತಲ್ಲ ತಂಗಿ. ಅದಕೂ ಜೀವ ಅಲ್ಲೇನು?"

ಬೈದುಕೊಳ್ಳುತ್ತಲೇ ಸೂಜಿ ಹಿಡಿದೆ. ಅಪ್ಪನ ಧೋತರ, ಅವ್ವನ ಇಳಕಲ್ ಸೀರೆ, ಚಾಚಿಯ ಗಂಡನ ಲುಂಗಿ, ಎಲ್ಲವೂ ತುಂಡಾಗಿ ಒಂದರ ಪಕ್ಕ ಒಂದು ಕೂತವು. ನನ್ನ ಹೊಲಿಗೆ ನೋಡಿ ಚಾಚಿ, "ಎತ್ತು ಉಚ್ಚಿ ಹೊಯ್ದಂಗ ಐತಲ್ಲ, ಬಿಚ್ಚು!" ಎನ್ನುತ್ತಿದ್ದರು. ಬಿಚ್ಚಿ ಮತ್ತೆ ಹೊಲಿಯುವಷ್ಟರಲ್ಲಿ ಸಂಜೆಯಾಗಿರುತ್ತಿತ್ತು. ನಾನು ನಗುವುದನ್ನು ಅವ್ವ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದಳು.

ಆ ಗಂಟಿನಲ್ಲಿ ಹಳದಿ ಹೂವಿನ ಒಂದು ತುಂಡಿತ್ತು. ಬಣ್ಣ ಚೂರೂ ಮಾಸಿರಲಿಲ್ಲ. ಉಟ್ಟು ತೊಟ್ಟು ಹಳತಾದ ಬಟ್ಟೆಯನ್ನಷ್ಟೇ ಕೌದಿಗೆ ಹಾಕುವುದು, ಹೊಸ ಬಟ್ಟೆಯನ್ನು ಯಾರೂ ಕತ್ತರಿಸುವುದಿಲ್ಲ.

"ಚಾಚಿ, ಇದು ಹೊಸಾದು ಐತಲ್ರಿ?"

"ಹೊಸಾದಲ್ಲವ್ವ, ಭಾಳ ವರ್ಷದ್ದು. ನಡುವ ಹಚ್ಚು ಅದನ್ನ." ಅಷ್ಟು ಹೇಳಿ ಸೂಜಿಗೆ ದಾರ ಪೋಣಿಸತೊಡಗಿದರು. ಆವತ್ತು ಆಡಿನ ಸುದ್ದಿಯೂ ಇಲ್ಲ, ಏನೂ ಇಲ್ಲ...

ಅವರು ಹೋದ ಮೇಲೆ ಅವ್ವ ಹೇಳಿದಳು. ಚಾಚಿ ತಮ್ಮ ಒಂದೇ ಬಸಿರಿನಲ್ಲಿ ಹುರುಪಿನಿಂದ ಆ ಬಟ್ಟೆ ತಂದು ಕೂಸಿಗೆ ಅಂಗಿ ಹೊಲಿದಿಟ್ಟಿದ್ದರಂತೆ. ಕೂಸು ಉಳಿಯಲಿಲ್ಲ. "ತಾ ಮೊದಲ ಹೊಲಿದಿದ್ದಕ್ಕ ಹಂಗಾತು ಅಂತ ಆಕಿ ಇವತ್ತಿಗೂ ಅಂದ್ಕೊಂಡಾಳ. ಅದ ಅಂಗೀನ ಬಿಚ್ಚಿ ತಂದಾಳ ನೋಡು." ಅವ್ವನ ದನಿ ಇಳಿಯಿತು. "ಆ ತುಂಡು ತಗದು ಬಿಡೂಣೇನು?"

ನನಗೂ ಅಂಜಿಕೆಯಾಯಿತು, ಖರೇ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಆ ತುಂಡನ್ನೇ ನೋಡಿದೆ. ಇಷ್ಟು ವರ್ಷ ಯಾರಿಗೂ ಕೊಡದೆ ಇಟ್ಟುಕೊಂಡದ್ದನ್ನು ನನಗೆ ತಂದುಕೊಟ್ಟಿದ್ದರು. ತೆಗೆಯಲು ಮನಸ್ಸು ಬರಲಿಲ್ಲ.

"ಇರ್ಲಿ ಬಿಡವ್ವ, ಆಡಿನ ಮರೀದಲ್ಲ?" ಎಂದೆ.

ಆಡು ಈಯಿತು. ಮರಿ ಗೋಣಿಚೀಲದ ಮೇಲೆ ಬೆಚ್ಚಗೆ ಮಲಗಿತು. ಕೌದಿ ಕೇಳಿದರೆ ಚಾಚಿ ಒಂದು ಮೂಲೆ ತೋರಿಸಿ, "ಇನ್ನೂ ಮುಗಿದಿಲ್ಲಲ್ಲ" ಎನ್ನುತ್ತಿದ್ದರು. ಆ ಮೂಲೆಯನ್ನು ಹೊಲಿಯಲು ಬಿಡಲೇ ಇಲ್ಲ.

ಮಗಳು ಹುಟ್ಟಿದಳು, ಗಟ್ಟಿಯಾಗಿ ಅತ್ತಳು. ಬಾಣಂತಿ ಕೋಣೆಗೆ ಚಾಚಿ ಕೌದಿ ಹಿಡಿದು ಬಂದರು. ಕೌದಿಯ ಹೊಟ್ಟೆಯೂ ತುಂಬಿರಬೇಕೆಂದು ಬಿಟ್ಟಿದ್ದ ಮೂಲೆಯಲ್ಲಿ ಚಿಟಿಕೆ ಗೋಧಿ ಹಾಕಿ ಹೊಲಿದರು. ಕೂಸಿಗೆ ಹೊದಿಸಿ, "ಆಡಿನ ಮರಿ ಒಲ್ಲೆ ಅಂತು ಬೇಟಿ, ಅದಕ್ಕ ಇಲ್ಲಿ ತಂದೆ" ಎಂದರು. ನಕ್ಕೆವು. ಆಮೇಲೆ ಅವರು ಸೆರಗು ಕಣ್ಣಿಗೆ ಒತ್ತಿಕೊಂಡು ಲಗೂನ ಹೊರಗೆ ಹೋದರು.

ಚಾಚಿ ಹೋಗಿ ವರ್ಷಗಳಾದವು. ಸುದ್ದಿ ತಿಳಿದು ನಾನು ಬ್ಯಾಡಗಿ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಮುಖ ಸಿಗಲಿಲ್ಲ...

"ಅವ್ವಾ, ಕುಂತು ಕುಂತು ಬ್ಯಾಸರಾಗೇತಿ" ಎಂದು ಮಗಳು ನಿನ್ನೆ ಮೊಬೈಲ್ ಪಕ್ಕಕ್ಕೆ ಒಗೆದಳು. ಸೂಜಿ ದಾರ ಕೊಟ್ಟು, ಕೌದಿ ಹರಿದಲ್ಲೆಲ್ಲ ಹೊಲಿ ಎಂದೆ. ಚಿಕ್ಕವಳಿದ್ದಾಗ ಅವಳು ನಿದ್ದೆ ಬರುವ ತನಕ ಅದರ ನಟ್ಟನಡುವಿನ ಹಳದಿ ತುಂಡನ್ನೇ ಚೀಪುತ್ತಿದ್ದಳು. ಈಗ ಅಲ್ಲಿ ಹೂವಿಲ್ಲ, ಬಣ್ಣವಿಲ್ಲ, ಎಳೆ ಮಾತ್ರ ಉಳಿದಿದೆ.

"ಈ ನಡುವಿನ ತುಂಡು ಪೂರಾ ಹರದು ಹೋಗೇತಿ. ತಗದು ಬ್ಯಾರೆ ಹಚ್ಚಲೇನು?"

"ಬ್ಯಾಡ" ಎಂದೆ. ಚಾಚಿ ಇದ್ದಿದ್ದರೆ ಈ ಕೌದಿ ಹಿಡಿದು ಈಗಲೇ ಬ್ಯಾಡಗಿ ಬಸ್ಸು ಹತ್ತುತ್ತಿದ್ದೆ. ನೋಡ್ರಿ ಚಾಚಿ, ನಿಮ್ಮ ಕೂಸಿನ ಅಂಗಿ ಕೂಸು ಹೊದ್ದೇ ಹರದೈತಿ ಎಂದು ತೋರಿಸುತ್ತಿದ್ದೆ.